ಬಣ್ಣದ ಕಾರ್ ಶಾಂಪೂ: ಬಾವಿ, ಸುರಂಗಗಳ ಊರಿನಲ್ಲಿ ಆರಿಸುವ ಮತ್ತು ಬಳಸುವ ಕ್ರಮ

ಕಾರ್ ಶಾಂಪೂವಿನ ನೀಲಿ, ಗುಲಾಬಿ ಅಥವಾ ಹಸಿರು ಬಣ್ಣಕ್ಕೆ ಕೊಳೆ ತೆಗೆಯುವ ಶಕ್ತಿಯಿಲ್ಲ. ಆ ಕೆಲಸ ಮಾಡುವುದು ಅದರಲ್ಲಿರುವ ಮಾರ್ಜಕ. ಬಣ್ಣವನ್ನು ಸೇರಿಸುವುದು ನೋಟಕ್ಕೆ ಮತ್ತು ಒಂದು ದ್ರಾವಣವನ್ನು ಇನ್ನೊಂದರಿಂದ ಗುರುತಿಸುವುದಕ್ಕೆ. ಆದ್ದರಿಂದ ಬಣ್ಣವಿಲ್ಲದ ಶಾಂಪೂ ಸಿಕ್ಕಿದರೆ ಅದನ್ನೇ ಕೊಳ್ಳಿ, ಕಳೆದುಕೊಳ್ಳುವುದೇನೂ ಇಲ್ಲ.

ಬಣ್ಣದ್ದೇ ಕೊಳ್ಳಬೇಕಾದರೆ ತಯಾರಕರ ಸುರಕ್ಷತಾ ಮಾಹಿತಿ ಪತ್ರದಲ್ಲಿ ಬಣ್ಣದ ಹೆಸರನ್ನೋ ‘ಸಿ.ಐ.’ (ಕಲರ್ ಇಂಡೆಕ್ಸ್ ಎಂಬ ಬಣ್ಣಗಳ ಪಟ್ಟಿಯ) ಸಂಖ್ಯೆಯನ್ನೋ ಹುಡುಕಿ. 19140 ಎಂದರೆ ಟಾರ್ಟ್ರಜೀನ್ ಎಂಬ ಹಳದಿ, 42090 ಎಂದರೆ ಬ್ರಿಲಿಯಂಟ್ ಬ್ಲೂ. ಇವೆರಡಕ್ಕೂ ನಿಗದಿತ ಮಿತಿಯೊಳಗೆ ಕೆಲವು ಆಹಾರಗಳಲ್ಲಿಯೂ ಅನುಮತಿಯಿದೆ. 45170 ಎಂದರೆ ರೋಡಮೈನ್ ಬಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಬಾಂಬೆ ಮಿಠಾಯಿ, ಗೋಬಿ ಮಂಚೂರಿಗಳಲ್ಲಿ ಬಳಸಬಾರದೆಂದು ನಿಷೇಧಿಸಿದ ಬಣ್ಣಗಳಲ್ಲಿ ಇದೂ ಒಂದು. ವಿವರವೇ ಸಿಗದಿದ್ದರೆ ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಒಂದು ಹನಿ ಹಾಕಿ, ಸ್ವಲ್ಪ ಹೊತ್ತಿನ ನಂತರ ಹಿಂಡಿ ತೊಳೆಯಿರಿ. ಕಲೆ ಉಳಿಯುವಷ್ಟು ಗಾಢವಾದ ಬಣ್ಣವುಳ್ಳದ್ದು ಮನೆಬಳಕೆಗೆ ಬೇಡ.

ಒಂದು ಬಕೆಟ್ ನೀರಿನಲ್ಲಿರುವ ಬಣ್ಣ ಅತ್ಯಲ್ಪವೆಂಬುದು ನಿಜ. ತೊಳೆದ ನೀರು ತೋಡಿಗೆ ಸೇರಿದಾಗ ಆಗುವ ಹಾನಿಯಲ್ಲಿ ದೊಡ್ಡ ಪಾಲು ಮಾರ್ಜಕದ್ದು, ಏಕೆಂದರೆ ಅದು ಮೀನಿನ ಕಿವಿರಿಗೆ ನೇರವಾಗಿ ತಟ್ಟುತ್ತದೆ. ಆದರೆ ಬೆಳಕಿಗೂ ನೀರಿಗೂ ಜಗ್ಗದಂತೆ ತಯಾರಾದ ಬಣ್ಣಗಳು ಬೇಗನೆ ಕೊಳೆಯುವುದಿಲ್ಲ, ಮತ್ತು ಆಜೋ ವರ್ಗದ ಕೆಲವು ಬಣ್ಣಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ಒಡೆದಾಗ ಕ್ಯಾನ್ಸರ್‌ಕಾರಕ ಅಮೀನುಗಳು ಹುಟ್ಟುವ ಸಾಧ್ಯತೆಯಿದೆ.

ಇನ್ನು ತೊಳೆಯುವ ಜಾಗ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಂಗಳ, ಬಾವಿ, ಅಡಿಕೆ ತೋಟ ಮತ್ತು ತೋಡು ಒಂದರ ಕೆಳಗೊಂದು ಇರುವುದೇ ಹೆಚ್ಚು. ಗುಡ್ಡದ ಮುರಕಲ್ಲು ರಂಧ್ರಮಯವಾದ್ದರಿಂದ ಮೇಲೆ ಚೆಲ್ಲಿದ್ದು ಬೇಗನೆ ಇಳಿಯುತ್ತದೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರೂ ಅದೇ ಗುಡ್ಡದಿಂದ ಜಿನುಗಿ ಬರುವಂಥದ್ದು. ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಫಲವನ್ನು ಉಂಡ ಈ ನಾಡಿಗೆ, ಮೇಲಿನ ವಿಷ ಕೆಳಗಿನ ನೀರಿಗೆ ಬರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಶಾಂಪೂ ಅಷ್ಟು ಘೋರವಾದುದಲ್ಲ, ಆದರೆ ನೀರು ಹರಿಯುವ ದಾರಿ ಅದೇ. ಕೇರಳದ ಕಟ್ಟಡ ನಿಯಮಗಳು ಇಂಗುಗುಂಡಿಗೂ ಬಾವಿಗೂ ನಡುವೆ 7.5 ಮೀಟರ್ ಅಂತರ ಕೇಳುತ್ತವೆ. ಕಾರು ತೊಳೆಯುವಾಗಲೂ ಕನಿಷ್ಠ ಅಷ್ಟು ದೂರವನ್ನು, ಅದೂ ಬಾವಿಗಿಂತ ತಗ್ಗಿನ ಕಡೆ, ಇಟ್ಟುಕೊಳ್ಳಿ. ಹುಲ್ಲು ಬೆಳೆದ ಮಣ್ಣು ಸಿಮೆಂಟ್ ಅಂಗಳಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಿ ಸುರಿಯುವ ಮಳೆಯ ನಡುವೆ ಶಾಂಪೂ ಹಾಕಿದರೆ ನೊರೆಯೆಲ್ಲ ನೇರವಾಗಿ ತೋಡಿಗೆ ಸೇರುತ್ತದೆ. ಬೇಸಿಗೆಯಲ್ಲಿ ತೋಡಿಗೆ ಕಟ್ಟ ಹಾಕಿ ನಿಲ್ಲಿಸಿದ ನೀರಿನಲ್ಲಿ ಅದು ಹರಿದುಹೋಗದೆ ಉಳಿಯುತ್ತದೆ. ಮೊದಲು ಬರೀ ನೀರಿನಿಂದ ಕೆಮ್ಮಣ್ಣನ್ನು ಇಳಿಸಿದರೆ ಶಾಂಪೂ ಕಡಿಮೆ ಸಾಕು. ಲೇಬಲ್ ಹೇಳಿದ್ದಕ್ಕಿಂತ ಹೆಚ್ಚು ಹಾಕಬೇಡಿ.

ಕೈಗವಸು ಹಾಕಿಕೊಳ್ಳಿ. ಚಕ್ರ ತೊಳೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅವು ಬಣ್ಣಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿಯಾದ್ದರಿಂದ ಅಂಥವನ್ನು ಮನೆಗೆ ತರಲೇಬೇಡಿ. ಬಣ್ಣದ ದ್ರಾವಣವನ್ನು ಶರಬತ್ತಿನ ಅಥವಾ ಸೋಡಾದ ಬಾಟಲಿಗೆ ಎಂದಿಗೂ ಸುರಿದಿಡಬಾರದು, ಮಕ್ಕಳ ಕಣ್ಣಿಗೆ ಅದು ಪಾನಕವೇ. ಮಗು ಕುಡಿದರೆ ವಾಂತಿ ಮಾಡಿಸದೆ, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ.

ಉಳಿದ ಶಾಂಪೂವನ್ನು ತೋಡಿಗೆ ಸುರಿಯದೆ ಬಳಸಿ ಮುಗಿಸಿ. ಖಾಲಿ ಬಾಟಲಿ ತೊಳೆದ ನೀರನ್ನು ಮುಂದಿನ ಬಕೆಟ್ಟಿಗೆ ಸೇರಿಸಿ, ಬಾಟಲಿಯನ್ನು ಒಣಗಿಸಿ ಮನೆಮನೆಯಿಂದ ಕಸ ಸಂಗ್ರಹಿಸುವ ಪಂಚಾಯತಿನ ಹರಿತ ಕರ್ಮ ಸೇನೆಯವರಿಗೆ ಕೊಡಿ.