ಗ್ರೂಪಿನಲ್ಲಿರುವವರನ್ನು ಪಾರ್ಕಿಗೆ ಕರೆತರುವುದು ಹೇಗೆ?

ತಾರಸಿ ತೋಟದ ವಾಟ್ಸಾಪ್ ಗ್ರೂಪ್‌ಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಈ ಮಾತು ಬಂದೇ ಬರುತ್ತದೆ: "ಎಲ್ಲರೂ ಒಮ್ಮೆ ಸೇರೋಣ್ವಾ?" ಅರ್ಧ ಗಂಟೆಯಲ್ಲಿ ಹೆಬ್ಬೆರಳಿನ ಗುರುತುಗಳು ಸಾಲುಗಟ್ಟುತ್ತವೆ. ಅಡ್ಮಿನ್ ಪೋಲ್ ಹಾಕುತ್ತಾರೆ. ಭಾನುವಾರ ಬೆಳಗ್ಗೆ ಲಾಲ್‌ಬಾಗ್ ಎಂದು ತೀರ್ಮಾನವಾಗುತ್ತದೆ. ಆ ದಿನ ಬರುವವರು ಆರೇಳು ಜನ. ಅವರಲ್ಲೂ ಕೆಲವರು ಪಶ್ಚಿಮ ಗೇಟಿನಲ್ಲಿ ಕಾಯುತ್ತಾರೆ, ಉಳಿದವರು ಗಾಜಿನ ಮನೆ ಹತ್ತಿರ ಹುಡುಕುತ್ತಾರೆ. ಆಮೇಲೆ ಆ ಗ್ರೂಪಿನಲ್ಲಿ ಸೇರುವ ಮಾತನ್ನೇ ಯಾರೂ ಎತ್ತುವುದಿಲ್ಲ.

ಇದನ್ನು ನೋಡಿ ನೋಡಿ ಬೇಸರವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಜನರಿಗೆ ಸೇರುವ ಆಸೆಯೇ ಇಲ್ಲ ಅನ್ನುವುದು ಸುಳ್ಳು. ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ ಬೆಂಗಳೂರಿನಲ್ಲಿ 2011ರಲ್ಲಿ ಶುರು ಮಾಡಿದ 'ಊಟ ಫ್ರಮ್ ಯುವರ್ ತೋಟ' ಎಂಬ ತಾರಸಿ ತೋಟದವರ ಮೇಳ ನೆನಪಿರಬಹುದು. ಫೇಸ್‌ಬುಕ್‌ನಲ್ಲಿ ಹುಳದ ಕಾಟದ ಬಗ್ಗೆ ಪ್ರಶ್ನೆ ಕೇಳುತ್ತಿದ್ದವರು ಅಲ್ಲಿ ಎದುರುಬದುರಾಗಿ ಸಿಕ್ಕಿ ಬೀಜ ಬದಲಾಯಿಸಿಕೊಂಡರು. ಕಬ್ಬನ್ ಪಾರ್ಕ್‌ನಲ್ಲಿ ಶನಿವಾರ ಪುಸ್ತಕ ಹಿಡಿದು ಕೂರುವ 'ಕಬ್ಬನ್ ರೀಡ್ಸ್' ಕೂಡ ಇನ್‌ಸ್ಟಾಗ್ರಾಂ ಮೂಲಕವೇ ಹರಡಿ ಬೇರೆ ಊರುಗಳಲ್ಲೂ ಚಿಗುರಿತು. ಎರಡರಲ್ಲೂ ಒಂದು ಸಾಮ್ಯ ಇದೆ. ಬರುವವರಿಗೆ ಅಲ್ಲಿ ಏನು ಮಾಡಬೇಕು, ಕೈಯಲ್ಲಿ ಏನು ಹಿಡಿದು ಬರಬೇಕು ಅನ್ನುವುದು ಮೊದಲೇ ಗೊತ್ತು.

ನನಗೆ ಚೆನ್ನಾಗಿ ಗೊತ್ತಿರುವುದು ಬೀಜ ವಿನಿಮಯ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಹಕ್ಕಿ ನೋಡುವವರ, ಸೈಕಲ್ ಹೊಡೆಯುವವರ, ಅಡುಗೆಯವರ ಗ್ರೂಪಿಗೂ ದಾರಿ ಇದೇ.

1. ಒಂದು ಕೆಲಸ ಆರಿಸಿ

"ಸುಮ್ನೆ ಸೇರೋಣ" ಬೇಡ. "ಮಳೆಗಾಲದ ಬಿತ್ತನೆಗೆ ಬೀಜ ಬದಲಾಯಿಸಿಕೊಳ್ಳೋಣ" ಅನ್ನಿ. ಇಷ್ಟೇ.

2. ದಿನ, ಜಾಗ ನೀವೇ ಗೊತ್ತು ಮಾಡಿ

ಪೋಲ್ ಹಾಕಬೇಡಿ. ಒತ್ತುವುದಕ್ಕೆ ಏನೂ ಖರ್ಚಿಲ್ಲ, ಹಾಗಾಗಿ ಎಲ್ಲರೂ ಒತ್ತುತ್ತಾರೆ. ಬೇರೆ ದಿನ ಕೇಳಿದವರು "ನಮಗೆ ಆಗಲ್ಲ" ಎಂದು ಅಲ್ಲೇ ಕೈಬಿಡುತ್ತಾರೆ. ನನ್ನ ಮಟ್ಟಿಗೆ ಎರಡನೇ ಶನಿವಾರ ಬೆಳಗ್ಗೆ ಎಂಟರಿಂದ ಒಂಬತ್ತೂವರೆಯೇ ಸರಿ. ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ ಇರುತ್ತದೆ. ಭಾನುವಾರವಾದರೆ ಮದುವೆ, ಗೃಹಪ್ರವೇಶ, ನೆಂಟರು.

ತಿಂಗಳು ಜೂನ್ ಆದರೆ ಒಳ್ಳೆಯದು, ತಪ್ಪಿದರೆ ಸೆಪ್ಟೆಂಬರ್. ತಂದ ಬೀಜ ಆ ವಾರವೇ ಮಣ್ಣಿಗೆ ಬೀಳಬೇಕು. ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸು ಲಾಲ್‌ಬಾಗ್ ಹೆಸರೆತ್ತಬೇಡಿ. ಫಲಪುಷ್ಪ ಪ್ರದರ್ಶನದ ಜನಜಂಗುಳಿಯಲ್ಲಿ ನಿಮ್ಮವರು ಯಾರು ಎಂದೇ ತಿಳಿಯುವುದಿಲ್ಲ.

ನಿಜ ಹೇಳಬೇಕೆಂದರೆ ಮೊದಲ ಭೇಟಿಗೆ ದೊಡ್ಡ ಪಾರ್ಕೇ ಬೇಡ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎರಡೂ ತೋಟಗಾರಿಕೆ ಇಲಾಖೆಯವು. ಗುಂಪು ಕಟ್ಟಿಕೊಂಡು ಕಾರ್ಯಕ್ರಮ ನಡೆಸಲು ಅನುಮತಿ ಪಡೆಯಬೇಕು. ಕಬ್ಬನ್ ಪಾರ್ಕೇ ಬೇಕೆಂದರೆ ಮೆಟ್ರೋದಲ್ಲಿ ಬರಲು ಹೇಳಿ. ಬಡಾವಣೆಯ ಸಣ್ಣ ಪಾರ್ಕ್ ಎಲ್ಲಕ್ಕಿಂತ ಒಳ್ಳೆಯದು. ಒಂದು ವಾರ ಮೊದಲು, ಅದೇ ಹೊತ್ತಿಗೆ ಹೋಗಿ ನೋಡಿ ಬನ್ನಿ. ನೆರಳು ಇದೆಯಾ? ವಯಸ್ಸಾದವರಿಗೆ ಕೂರಲು ಬೆಂಚು ಇದೆಯಾ? ಗೇಟಿಗೆ ಬೀಗ ಎಷ್ಟು ಗಂಟೆಗೆ ಬೀಳುತ್ತದೆ? ಹತ್ತಿರದಲ್ಲಿ ಶೌಚಾಲಯ ಇದೆಯಾ? ಕೊನೆಯದನ್ನು ಗಂಡಸರು ನಡೆಸುವ ಗ್ರೂಪ್‌ಗಳಲ್ಲಿ ಯಾರೂ ನೋಡುವುದಿಲ್ಲ. ಹೆಂಗಸರು ಎರಡನೇ ಸಲ ಬರದಿರುವುದಕ್ಕೆ ಎಷ್ಟೋ ಸಲ ಅದೇ ಕಾರಣ.

3. 'ಬರ್ತೀನಿ' ಅಂದವರನ್ನು ಬರುವಂತೆ ಮಾಡಿ

ಎಲ್ಲಾ ಕೆಡುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ವಾಟ್ಸಾಪ್ ಗ್ರೂಪಿಗೆ 1024 ಜನರನ್ನು ಸೇರಿಸಬಹುದು. ಅಷ್ಟು ಜನರಿಗೆ ಒಟ್ಟಿಗೆ "ಎಲ್ಲರೂ ಬನ್ನಿ" ಅಂದರೆ ಯಾರನ್ನೂ ಕರೆದಂತಾಗುವುದಿಲ್ಲ. ಮದುವೆಗೆ ನಾವು ಹೇಗೆ ಕರೆಯುತ್ತೇವೆ? ಮನೆಗೆ ಹೋಗಿ, ಕುಂಕುಮ ಕೊಟ್ಟು, "ನೀವು ಬರ್ಲೇಬೇಕು" ಅನ್ನುತ್ತೇವೆ. ಇಲ್ಲೂ ಹಾಗೇ ಒಬ್ಬೊಬ್ಬರನ್ನೇ ಕರೆಯಬೇಕು, ಅದಕ್ಕೊಂದು ಕಾರಣವನ್ನೂ ಕೊಡಬೇಕು.

ಮೂರು ವಾರ ಮೊದಲು ಗ್ರೂಪಿನಲ್ಲಿ ಎರಡೇ ಪ್ರಶ್ನೆ ಕೇಳಿ. ನಿಮ್ಮ ಹತ್ತಿರ ಜಾಸ್ತಿ ಇರುವ ಬೀಜ, ಕಡ್ಡಿ, ಸಸಿ ಯಾವುದು? ನೀವು ಹುಡುಕುತ್ತಿರುವುದು ಯಾವುದು? ಭೇಟಿಯ ಮಾತು ಆಗಲೇ ಎತ್ತಬೇಡಿ. ತೋಟದವರು ಈ ಪ್ರಶ್ನೆಗೆ ಉತ್ತರ ಕೊಡದೆ ಇರುವುದಿಲ್ಲ. ಬಂದ ಉತ್ತರಗಳನ್ನು ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲಾಗಿ ಬರೆಯಿರಿ. ಒಂದು ಕಡೆ ಕೊಡುವುದು, ಇನ್ನೊಂದು ಕಡೆ ಬೇಕಾಗಿರುವುದು. ಆಮೇಲೆ ಗೆರೆ ಎಳೆದು ಜೋಡಿ ಮಾಡಿ. ಒಬ್ಬರಿಗೆ ಬಸಳೆ ಕಡ್ಡಿ ಬೇಕು, ಇನ್ನೊಬ್ಬರ ತಾರಸಿ ತುಂಬಾ ಬಸಳೆ. ಆ ಇನ್ನೊಬ್ಬರು ಮಟ್ಟು ಗುಳ್ಳ ಬದನೆಯ ಬೀಜ ಕೇಳುತ್ತಿದ್ದಾರೆ, ಅದು ಮೊದಲನೆಯವರ ಹತ್ತಿರ ಇದೆ. ನೇರ ಜೋಡಿ ಸಿಗದಿದ್ದರೆ ಮೂವರನ್ನು ಸುತ್ತುಹಾಕಿ ಸೇರಿಸಿ. ಒಂದು ಸಂಜೆ ಹಿಡಿಯುತ್ತದೆ. ಆ ಸಂಜೆ ಉಳಿಸಲು ಹೋಗಬೇಡಿ.

ಈಗ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಸಂದೇಶ ಕಳಿಸಿ. ಧಾಟಿ ಹೀಗಿರಲಿ: "ನಮಸ್ಕಾರ ಮೇಡಂ. ನೀವು ಕೇಳಿದ್ದ ಬಸಳೆ ಕಡ್ಡಿ ನಮ್ಮ ಗ್ರೂಪಿನವರೊಬ್ಬರು ತರ್ತಾರಂತೆ. ಅವರಿಗೆ ಮಟ್ಟು ಗುಳ್ಳ ಬೀಜ ಬೇಕಿತ್ತು, ನಿಮ್ಮ ಹತ್ತಿರ ಇದೆ ಅಲ್ವಾ? ಎರಡನೇ ಶನಿವಾರ ಬೆಳಗ್ಗೆ ಎಂಟಕ್ಕೆ ಒಂದು ಪೊಟ್ಟಣ ತಂದುಕೊಡ್ತೀರಾ?" ಈ ಸಂದೇಶ ಓದಿದವರು ಬರದಿದ್ದರೆ ಒಬ್ಬರು ಬರಿಗೈಲಿ ಹೋಗಬೇಕಾಗುತ್ತದೆ, ಅದು ಅವರಿಗೂ ಗೊತ್ತು. ನಮ್ಮ ಜನ ತಮ್ಮ ಕೆಲಸ ತಪ್ಪಿಸಿಕೊಂಡಾರು, ಕೊಡುತ್ತೇನೆ ಎಂದ ಬೀಜ ತಪ್ಪಿಸುವುದಿಲ್ಲ.

ಹೊಸಬರನ್ನು ಮರೆಯಬೇಡಿ. ಎರಡು ಕುಂಡದಲ್ಲಿ ಕೊತ್ತಂಬರಿ ಹಾಕಿರುವವರು "ಬರಿಗೈಲಿ ಹೇಗೆ ಹೋಗೋದು" ಎಂದು ಮನೆಯಲ್ಲೇ ಉಳಿಯುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ಅವರಿಗೂ ಒಂದು ಕೆಲಸ ಕೊಡಿ. ಹಳೇ ಪೇಪರ್, ಕತ್ತರಿ, ಪೆನ್ನು ತರಲು ಹೇಳಿ. ಕತ್ತರಿ ತರುವವರಿಗಾಗಿ ಅಲ್ಲಿ ಎಲ್ಲರೂ ಕಾಯುತ್ತಾರೆ ಎಂದು ಅವರಿಗೆ ತಿಳಿಯಬೇಕು.

ಹೀಗೆ ಇಪ್ಪತ್ತು ಜನರನ್ನು ಕರೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಹನ್ನೆರಡು ಮಂದಿ ಬಂದರೂ ಭೇಟಿ ಚೆನ್ನಾಗಿ ನಡೆಯುತ್ತದೆ.

ಗುರುವಾರ ಫೋನ್ ಮಾಡಿ. ಮೆಸೇಜ್ ಸಾಲದು, ದನಿ ಕೇಳಬೇಕು. ಒಂದೇ ದಿಕ್ಕಿನಿಂದ ಬರುವವರು ಇದ್ದರೆ ಇಬ್ಬರನ್ನೂ ಕೇಳಿ, ಒಪ್ಪಿದರೆ ಮಾತ್ರ ನಂಬರ್ ಕೊಟ್ಟು ಜೊತೆಯಾಗಿ ಬರಲು ಹೇಳಿ. ಶುಕ್ರವಾರ ಸಂಜೆ ಗ್ರೂಪಿನಲ್ಲಿ ಲೊಕೇಶನ್ ಪಿನ್, ಗೇಟಿನ ಫೋಟೋ, ಕೂರುವ ಮರದ ಫೋಟೋ ಹಾಕಿ. ಹಾಕಿದ ತಕ್ಷಣ ಸೆಟ್ಟಿಂಗ್‌ನಲ್ಲಿ 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು' ಎಂದು ಬದಲಾಯಿಸಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಶುಭೋದಯದ ಚಿತ್ರಗಳ ಕೆಳಗೆ ನಿಮ್ಮ ಪಿನ್ ಮುಚ್ಚಿಹೋಗಿರುತ್ತದೆ.

ಸುಲಭದ ದಾರಿ ತೋರಿಸುವವರು ಬಹಳ ಮಂದಿ ಸಿಗುತ್ತಾರೆ. ಗೂಗಲ್ ಫಾರ್ಮ್ ಮಾಡಿ, ಟಿಕೆಟ್ ಆಪ್ ಬಳಸಿ, ಐವತ್ತು ರೂಪಾಯಿ ಮುಂಗಡ ತಗೊಂಡು ಬಂದವರಿಗೆ ವಾಪಸ್ ಕೊಡಿ ಅನ್ನುತ್ತಾರೆ. ಮೂರೂ ಬೇಡ. ದುಡ್ಡಿನ ಮಾತು ಬಂದ ಕೂಡಲೇ ಹಿರಿಯರು ಹಿಂದೆ ಸರಿಯುತ್ತಾರೆ. ಬಾರದವರು ಐವತ್ತು ರೂಪಾಯಿ ಹೋಯಿತು, ಲೆಕ್ಕ ಮುಗಿಯಿತು ಅಂದುಕೊಳ್ಳುತ್ತಾರೆ.

4. ಬೀಜ ಹೇಗಿರಬೇಕು ಎಂದು ಮೊದಲೇ ತಿಳಿಸಿ

ಪೇಪರ್ ಪೊಟ್ಟಣ, ಅದರ ಮೇಲೆ ಹೆಸರು, ಬೀಜ ತೆಗೆದ ತಿಂಗಳು, ನಾಟಿಯೋ ಹೈಬ್ರಿಡ್ಡೋ ಅನ್ನುವುದು. ಪ್ಲಾಸ್ಟಿಕ್ ಜಿಪ್ ಕವರ್ ಬೇಡ. ಸರಿಯಾಗಿ ಒಣಗದ ಬೀಜ ಅದರೊಳಗೆ ಬೂಸ್ಟು ಹಿಡಿಯುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಯ ಬೀಜ ಉಳಿಸಿ ಹಂಚಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಅದರ ಹಣ್ಣಿನಿಂದ ತೆಗೆದ ಬೀಜದಲ್ಲಿ ತಾಯಿಗಿಡದ ಗುಣ ಹಾಗೇ ಬರುವುದಿಲ್ಲ. ಇದನ್ನು ತಿಳಿಸದೆ ಹಂಚಿದರೆ ಮೂರು ತಿಂಗಳ ನಂತರ ಗ್ರೂಪಿನಲ್ಲಿ ಮನಸ್ತಾಪ.

ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಲು ಹೇಳಿ. ಆರಾದರೂ ಮೊಳೆಯದಿದ್ದರೆ ತರುವುದು ಬೇಡ. ವರ್ಷ ದಾಟಿದ ಈರುಳ್ಳಿ ಬೀಜ ಖಂಡಿತ ಬೇಡ. ಸಸಿ, ಕಡ್ಡಿ ತರುವವರು ಎಲೆಯ ಅಡಿ ನೋಡಬೇಕು. ಒಂದು ದಾಸವಾಳದ ಕಡ್ಡಿಯಲ್ಲಿ ಬಂದ ಹಿಟ್ಟು ತಿಗಣೆ ಹತ್ತು ಮನೆಗೆ ಹೋಗುತ್ತದೆ.

ಆನ್‌ಲೈನಿನಲ್ಲಿ ಕೊಂಡ 'ನೂರು ಬಗೆಯ ತರಕಾರಿ ಬೀಜ' ಪೊಟ್ಟಣಗಳನ್ನು ಹಂಚಲು ಬಿಡಬೇಡಿ. ಒಳಗೆ ಏನಿದೆ, ಎಷ್ಟು ಹಳೆಯದು ಎಂದು ಯಾರಿಗೂ ಗೊತ್ತಿರುವುದಿಲ್ಲ. ನೀಲಿ ಸ್ಟ್ರಾಬೆರಿಯ ಬೀಜವಂತೂ ಪೂರಾ ಮೋಸ, ಅಂಥ ಹಣ್ಣೇ ಇಲ್ಲ.

5. ಮೊದಲ ಅರ್ಧ ಗಂಟೆ

ಜನ ಬಂದರೂ ಭೇಟಿ ಕೆಡಬಹುದು. ಬಂದವರು ಮರದಡಿ ನಿಂತು ಫೋನ್ ನೋಡುತ್ತಾರೆ. ಮೊದಲೇ ಪರಿಚಯ ಇರುವ ನಾಲ್ವರು ಒಂದು ಗುಂಪಾಗುತ್ತಾರೆ. ಒಬ್ಬರೇ ಬಂದವರು ಇಪ್ಪತ್ತು ನಿಮಿಷ ನೋಡಿ, "ಕೆಲಸ ಇದೆ" ಎಂದು ಹೊರಟುಬಿಡುತ್ತಾರೆ.

ನೀವು ಅರ್ಧ ಗಂಟೆ ಮೊದಲೇ ಹೋಗಿ. ಜೊತೆಗೆ ಇನ್ನೊಬ್ಬರು ಇರಲಿ. ಅವರು ಗೇಟಿನಲ್ಲಿ ನಿಲ್ಲಲಿ, ನೀವು ಹಾಸಿದ ಜಮಖಾನೆಯ ಹತ್ತಿರ ಇರಿ. ಗ್ರೂಪಿನಲ್ಲಿ ಬಹಳ ಜನರ ಮುಖ ಗೊತ್ತಿರುವುದಿಲ್ಲ. ಡಿಪಿಯಲ್ಲಿ ದಾಸವಾಳವೋ ಮೊಮ್ಮಗುವೋ ಇರುತ್ತದೆ. ಅದಕ್ಕೆ ಗೇಟಿನಲ್ಲೇ ಮಾಸ್ಕಿಂಗ್ ಟೇಪಿನ ತುಂಡಿನ ಮೇಲೆ ಹೆಸರು, ಅದರ ಕೆಳಗೆ ತಂದಿರುವ ಬೀಜದ ಹೆಸರು ಬರೆದು ಅಂಟಿಸಿ. ಗೊತ್ತಿಲ್ಲದವರ ಹತ್ತಿರ ಹೋಗಿ "ನೀವು ಯಾರು" ಎಂದು ಕೇಳುವುದು ಕಷ್ಟ. "ಓ, ಪಡವಲ ತಂದಿರೋದು ನೀವಾ" ಅನ್ನುವುದು ಸುಲಭ.

ಬಂದವರನ್ನು ಅವರ ಜೋಡಿಯ ಹತ್ತಿರ ನೀವೇ ಕರೆದುಕೊಂಡು ಹೋಗಿ ಬಿಡಿ. ಕೈ ತೋರಿಸಿ ಕಳಿಸಬೇಡಿ.

ಸ್ವಾಗತ ಭಾಷಣ ಬೇಡ, ಶಾಲು ಬೇಡ, ಫ್ಲೆಕ್ಸ್ ಬೇಡ. ಎಲ್ಲರೂ ವೃತ್ತವಾಗಿ ನಿಂತು ಪರಿಚಯ ಹೇಳಿಕೊಳ್ಳುವುದಂತೂ ಬೇಡವೇ ಬೇಡ. ನಾಚಿಕೆಯವರಿಗೆ ಅದು ಶಿಕ್ಷೆ. ಬದಲಿಗೆ ಕೈಗೆ ಕೆಲಸ ಕೊಡಿ. ಪೇಪರ್ ಕತ್ತರಿಸುವುದು, ಪೊಟ್ಟಣ ಮಡಚುವುದು, ಒಣಗಿದ ಹೀರೇಕಾಯಿ ಬಿಡಿಸಿ ಬೀಜ ಕೊಡವುವುದು, ಹೆಸರು ಬರೆಯುವುದು. ಕೈ ಆಡುತ್ತಿದ್ದರೆ ಮಾತು ತಾನಾಗೇ ಬರುತ್ತದೆ. ಸುಮ್ಮನೆ ಕೂತ ಹಿರಿಯರೊಬ್ಬರು ಹಾಗಲದ ಬಳ್ಳಿಗೆ ಚಪ್ಪರ ಕಟ್ಟುವ ಬಗೆ ಹೇಳಲು ಶುರು ಮಾಡುವುದು ಆಗಲೇ.

ಮಾರುವವರು ಬಂದೇ ಬರುತ್ತಾರೆ. ಒಬ್ಬರು ಪಂಚಗವ್ಯದ ಬಾಟಲಿ ತರುತ್ತಾರೆ, ಇನ್ನೊಬ್ಬರು ಗ್ರೋ ಬ್ಯಾಗ್. ಮೊದಲ ಮೂರು ಭೇಟಿಗಳಲ್ಲಿ ಯಾರಿಗೂ ಮಾರಲು ಬಿಡಬೇಡಿ. ವಿನಯವಾಗಿ, ಮೊದಲೇ, ಫೋನಿನಲ್ಲೇ ಹೇಳಿಬಿಡಿ.

ತಿಂಡಿ ತರಿಸಬೇಡಿ. ಎಷ್ಟೋ ಪಾರ್ಕ್‌ಗಳಲ್ಲಿ ಒಪ್ಪುವುದೂ ಇಲ್ಲ. ಒಂಬತ್ತೂವರೆಗೆ ಎದ್ದು ಹತ್ತಿರದ ದರ್ಶಿನಿಗೆ ನಡೆದುಕೊಂಡು ಹೋಗಿ. ಅವರವರ ಕಾಫಿ ಬಿಲ್ಲು ಅವರವರೇ ಕೊಡುತ್ತಾರೆ, ಚಂದಾದ ಗೋಜಿಲ್ಲ. ಪಾರ್ಕಿನಲ್ಲಿ ಬಾಯಿ ಬಿಡದವರು ಅಲ್ಲಿ ಟೇಬಲ್ ಸುತ್ತ ನಿಂತು ಮಾತನಾಡುತ್ತಾರೆ.

6. ಹುಷಾರಿನ ಮಾತು

ಮೊದಲ ಭೇಟಿ ಯಾರ ಮನೆಯಲ್ಲೂ ಬೇಡ, ಎಷ್ಟೇ ಚಂದದ ತಾರಸಿ ಇದ್ದರೂ. ಬೆಳಕಿನಲ್ಲಿ, ನಾಲ್ಕು ಜನ ಓಡಾಡುವ ಜಾಗದಲ್ಲೇ ಆಗಲಿ. ಫೇಸ್‌ಬುಕ್‌ನಿಂದ ಬಂದವರನ್ನು ವಾಟ್ಸಾಪ್‌ಗೆ ಸೇರಿಸುವ ಮೊದಲು ಕೇಳಿ, ಅಲ್ಲಿ ಅವರ ನಂಬರ್ ಎಲ್ಲರಿಗೂ ಕಾಣುತ್ತದೆ. ಫೋಟೋ ಕೊನೆಯಲ್ಲಿ ಒಂದೇ ಒಂದು. ಬೇಡ ಅನ್ನುವವರಿಗೆ ಪಕ್ಕಕ್ಕೆ ನಿಲ್ಲಲು ಅವಕಾಶ ಕೊಡಿ, ಕಾರಣ ಕೇಳಬೇಡಿ. ಯಾರಾದರೂ ಹೆಣ್ಣುಮಗಳು ನಿಮಗೆ "ಅವರು ಆಮೇಲೆ ಮೆಸೇಜ್ ಮಾಡ್ತಾ ಇದ್ದಾರೆ" ಎಂದು ಹೇಳಿದರೆ ಅಂದೇ ಆ ವ್ಯಕ್ತಿಯನ್ನು ಗ್ರೂಪಿನಿಂದ ತೆಗೆಯಿರಿ.

7. ಮುಂದಿನ ದಿನ ಅಲ್ಲೇ ಹೇಳಿ

ದರ್ಶಿನಿಯಿಂದ ಹೊರಡುವ ಮೊದಲೇ ಮುಂದಿನ ತಾರೀಖು ಹೇಳಿ. ಎರಡು ತಿಂಗಳ ಅಂತರ ಸಾಕು. ಜೂನ್‌ನಲ್ಲಿ ಹಾಕಿದ ಬೆಂಡೆ ಅಷ್ಟರಲ್ಲಿ ಕಾಯಿ ಬಿಟ್ಟಿರುತ್ತದೆ, ತರಲು ಎಲ್ಲರ ಹತ್ತಿರ ಏನಾದರೂ ಇರುತ್ತದೆ. ಹತ್ತನೇ ದಿನ ಗ್ರೂಪಿನಲ್ಲಿ "ಮೊಳಕೆ ಬಂತಾ?" ಎಂದು ಕೇಳಿ. ಅಲಸಂದೆ ಬಿತ್ತಿದವರು ಮೊದಲು ಉತ್ತರಿಸುತ್ತಾರೆ. ಹಾಗಲದವರಿಗೆ ಇನ್ನೂ ನಾಲ್ಕು ದಿನ ತಾಳಲು ಹೇಳಿ. ಮೊಳೆಯದವರ ಪಟ್ಟಿ ಮಾಡಿ, ಮುಂದಿನ ಭೇಟಿಯ ಜೋಡಿಯನ್ನು ಅವರಿಂದಲೇ ಶುರು ಮಾಡಿ. ಆ ಸಲ ನೋಟ್‌ಬುಕ್ ಬೇರೆಯವರ ಕೈಗೆ ಕೊಡಿ. ಕತ್ತರಿ ತಂದಿದ್ದರಲ್ಲ, ಅವರಿಗೇ ಕೇಳಿ ನೋಡಿ.