ರಾತ್ರಿ ಹೊತ್ತು ನೆಲದ ಮೇಲೆ ವಿಮಾನ

ರಾತ್ರಿ ಪಾಳಿಯಲ್ಲಿ ಪೈಲಟ್ ಆದ ನನ್ನ ಕಣ್ಣು ಕಿವಿಗಳಿಗೆ ಅತಿ ಹೆಚ್ಚು ಕೆಲಸ ಬೀಳುವುದು ಗೇಟು ಬಿಟ್ಟು ರನ್‌ವೇ ತಲುಪುವ ತನಕ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಿಂದ ಎರಡು ರನ್‌ವೇಗಳಿವೆ. ಟರ್ಮಿನಲ್‌ಗಳ ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಹಗಲಿನಲ್ಲಿ ಇಡೀ ಬಯಲು ಕಣ್ಣೆದುರಿಗಿರುತ್ತದೆ. ಕತ್ತಲಾದ ಮೇಲೆ ದೀಪಗಳ ಬಣ್ಣಗಳೇ ಗತಿ: ಟ್ಯಾಕ್ಸಿವೇ (ಗೇಟಿನಿಂದ ರನ್‌ವೇಗೆ ಹೋಗುವ ದಾರಿ) ಅಂಚಿಗೆ ನೀಲಿ, ಅದರ ನಡುಗೆರೆಗೆ ಹಸಿರು, ರನ್‌ವೇ ಅಂಚಿಗೆ ಬಿಳಿ.

ಹಾಗಾಗಿ ಚಕ್ರ ಉರುಳುವ ಮೊದಲೇ ದಾರಿ ತಲೆಯಲ್ಲಿರಬೇಕು. ನೆಲದ ಮೇಲಿನ ವಿಮಾನಗಳಿಗೆ ರೇಡಿಯೊದಲ್ಲಿ ದಾರಿ ಹೇಳುವ ಗ್ರೌಂಡ್ ಕಂಟ್ರೋಲರ್ ಹೇಳಿದ ಟ್ಯಾಕ್ಸಿವೇಗಳನ್ನು ಸಹಪೈಲಟ್ ಬರೆದುಕೊಂಡು ಓದಿ ಹೇಳುತ್ತಾರೆ. ನಾನು ನಕ್ಷೆಯ ಮೇಲೆ ಬೆರಳಿಟ್ಟು ಅದೇ ದಾರಿಯನ್ನು ಬಾಯಿಬಿಟ್ಟು ಹೇಳುತ್ತೇನೆ. ಇಬ್ಬರ ಮಾತು ತಾಳೆಯಾಗದಿದ್ದರೆ ಪಾರ್ಕಿಂಗ್ ಬ್ರೇಕ್ ಸಡಿಲಿಸುವುದಿಲ್ಲ. ಕಾಕ್‌ಪಿಟ್ ದೀಪಗಳನ್ನು ಮಂದ ಮಾಡುತ್ತೇನೆ; ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಸುಮಾರು ಅರ್ಧ ಗಂಟೆ ಬೇಕು, ಕೆಡಲು ಒಂದು ಮೊಬೈಲ್ ಪರದೆ ಸಾಕು. ರಾತ್ರಿ ವೇಗ ಇದ್ದದ್ದಕ್ಕಿಂತ ಕಡಿಮೆ ಎನಿಸುತ್ತದೆ. ಅಂದಾಜನ್ನು ನಂಬದೆ ಅಂಕಿಯನ್ನೇ ನೋಡಿ, ತಿರುವಿನಲ್ಲಿ 10 ನಾಟ್‌ಗೆ (ಗಂಟೆಗೆ ಸುಮಾರು 18 ಕಿ.ಮೀ.) ಇಳಿಸುತ್ತೇನೆ. ನಾನು ಹಾರಿಸುವ ಎ320 ವಿಮಾನದಲ್ಲಿ ಮೂತಿಯ ಚಕ್ರ ನಮ್ಮ ಆಸನಕ್ಕಿಂತ ಹಿಂದಿರುವುದರಿಂದ ಹಸಿರು ಗೆರೆಯನ್ನು ತುಸು ದಾಟಿಯೇ ತಿರುಗಬೇಕು.

ಆ ಹಸಿರು ಗೆರೆಯ ಬಗ್ಗೆ ನನಗೆ ಸದಾ ಒಂದು ಅನುಮಾನ. ಅದು ದಾರಿ ತೋರಿಸುತ್ತದೆ. ಆ ದಾರಿ ನಮ್ಮದೇ ಎಂದು ಅದಕ್ಕೇನು ಗೊತ್ತು? 2000ದ ಅಕ್ಟೋಬರ್ 31ರ ರಾತ್ರಿ, ಚಂಡಮಾರುತದ ಮಳೆಯಲ್ಲಿ, ತೈಪೆಯಲ್ಲಿ ಸಿಂಗಾಪುರ ಏರ್‌ಲೈನ್ಸ್‌ನ ವಿಮಾನವೊಂದು ಹಸಿರು ದೀಪಗಳ ಹಿಂದೆಯೇ ತಿರುಗಿ, ಕಾಮಗಾರಿಗಾಗಿ ಮುಚ್ಚಿದ್ದ ರನ್‌ವೇಯಿಂದ ಹೊರಟಿತು. ಯಂತ್ರಗಳಿಗೆ ಡಿಕ್ಕಿ ಹೊಡೆದು 83 ಮಂದಿ ಸತ್ತರು. ಪಕ್ಕದಲ್ಲಿದ್ದ ಸರಿಯಾದ ರನ್‌ವೇ ಇದಕ್ಕೆ ಸಮಾನಾಂತರ. ದಿಕ್ಸೂಚಿಯಲ್ಲಿ ಎರಡಕ್ಕೂ ಒಂದೇ ಅಂಕಿ. ನಮ್ಮ ಎರಡು ರನ್‌ವೇಗಳಿಗೂ ದಿಕ್ಕಿನ ಅಂಕಿ ಒಂದೇ: 27 ಎಡ, 27 ಬಲ ಎಂದು ಹೆಸರು. ಆದ್ದರಿಂದ ದಿಕ್ಸೂಚಿ ನೋಡಿ ಸುಮ್ಮನಾಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ರನ್‌ವೇ ಬಾಯಲ್ಲಿರುವ ಕೆಂಪು ಫಲಕದ ಬಿಳಿ ಅಕ್ಷರಗಳನ್ನು ಇಬ್ಬರೂ ಗಟ್ಟಿಯಾಗಿ ಓದುತ್ತೇವೆ. ರನ್‌ವೇ ಮೇಲೆ ನಿಂತಾಗ ಲೋಕಲೈಸರ್ ಸೂಚಕ (ರನ್‌ವೇ ನಡುಗೆರೆಯನ್ನು ರೇಡಿಯೊ ಸಂಕೇತದಿಂದ ತೋರಿಸುವುದು) ನಡುವಿನಲ್ಲಿದೆಯೇ ಎಂದೂ ನೋಡುತ್ತೇವೆ.

ರನ್‌ವೇ ಮುಂದೆ ಅಡ್ಡಸಾಲಾಗಿ ಕೆಂಪು ದೀಪ ಉರಿಯುತ್ತಿದ್ದರೆ, ಕಿವಿಯಲ್ಲಿ ಅನುಮತಿ ಬಂದಿದ್ದರೂ ದಾಟುವುದಿಲ್ಲ. ದೀಪ ಆರಿಸಿ ಎಂದು ಕೇಳುತ್ತೇನೆ. ಇನ್ನು ಕೆಂಪು ದೀಪ ಉರಿಯದಿದ್ದರೆ ಹೋಗಬಹುದೆಂದೂ ಅಲ್ಲ. 2024ರ ಜನವರಿ 2ರ ಸಂಜೆ ಟೋಕಿಯೊದ ಹನೇಡಾದಲ್ಲಿ ಆ ದೀಪಗಳು ಕೆಲಸ ಮಾಡುತ್ತಿರಲಿಲ್ಲ. ಅನುಮತಿ ಸಿಕ್ಕಿದೆಯೆಂದು ಭಾವಿಸಿ ಕರಾವಳಿ ಕಾವಲು ಪಡೆಯ ವಿಮಾನ ರನ್‌ವೇಗೆ ಬಂದು ನಿಂತಿತ್ತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಬಡಿಯಿತು. ಪಡೆಯ ಐವರು ಸತ್ತರು, ಇನ್ನೊಂದರಲ್ಲಿದ್ದ 379 ಮಂದಿಯೂ ಪಾರಾದರು.

ಇನ್ನೊಬ್ಬರಿಗೆ ದಾರಿ ಬಿಟ್ಟು ನಿಂತಾಗ ಟ್ಯಾಕ್ಸಿ ದೀಪ ಆರಿಸುತ್ತೇನೆ: ಎದುರಿನವರ ಕಣ್ಣು ಕುಕ್ಕುವುದಿಲ್ಲ, ನಾವು ನಿಂತಿದ್ದೇವೆಂದೂ ತಿಳಿಯುತ್ತದೆ. ರನ್‌ವೇ ಪ್ರವೇಶಿಸುವಾಗ ಸ್ಟ್ರೋಬ್, ಅಂದರೆ ಮಿನುಗುವ ಬಿಳಿ ದೀಪ, ಹಚ್ಚುತ್ತೇನೆ.

ಚಳಿಗಾಲದ ಮುಂಜಾವಿನಲ್ಲಿ ದೇವನಹಳ್ಳಿಯ ಮಂಜು ಇಳಿದರೆ ಇದೆಲ್ಲ ಇನ್ನೂ ನಿಧಾನ. ದಾರಿ ತಪ್ಪಿದೆಯೇನೋ ಎಂಬ ಶಂಕೆ ಬಂದರೆ ಟ್ಯಾಕ್ಸಿವೇಯಲ್ಲೇ ನಿಂತು ಕಂಟ್ರೋಲರ್‌ಗೆ ಹೇಳಿ, ಬೇಕಾದರೆ ಮುಂದೆ ಹೋಗಿ ದಾರಿ ತೋರಿಸುವ ಫಾಲೋ ಮಿ ಜೀಪು ಕೇಳುತ್ತೇನೆ, ಹಿಂದಿನವರು ಗೊಣಗಿಕೊಳ್ಳಲಿ. ರನ್‌ವೇ ಮೇಲಿದ್ದೇವೇನೋ ಎಂಬ ಶಂಕೆಯಾದರೆ ಮಾತ್ರ ನಿಲ್ಲುವಂತಿಲ್ಲ: ತಕ್ಷಣ ಕಂಟ್ರೋಲ್ ಟವರ್‌ಗೆ ತಿಳಿಸಿ, ಹತ್ತಿರದ ಟ್ಯಾಕ್ಸಿವೇಗೆ ಇಳಿದುಬಿಡಬೇಕು.