‘ಎರಡೂ ಬದಿ ಒಂದೇ ಥರ’ ಎಂದು ಬರೆದು ಸಿಕ್ಕಿಬಿದ್ದೆ

ಧಾರವಾಡದಲ್ಲಿ ಮನೆಯಿಂದಲೇ ಕಸೂತಿ ಸೀರೆ ಮಾರುತ್ತೇನೆ. ಕಸೂತಿ ಹಾಕುವವರು ಆರು ಜನ. ಅವರವರ ಮನೆಯಲ್ಲೇ ಕೂತು ಹಾಕಿಕೊಡುತ್ತಾರೆ. ವೆಬ್‌ಸೈಟ್ ಶುರು ಮಾಡಿದಾಗ ಫೋಟೋ, ಬೆಲೆ, ಪೇಮೆಂಟ್ ಎಲ್ಲಕ್ಕೂ ತಲೆ ಕೆಡಿಸಿಕೊಂಡೆ. ನಿಯಮ ಮತ್ತು ಷರತ್ತುಗಳನ್ನು ಮಾತ್ರ ಯಾವುದೋ ಸೈಟಿನಿಂದ ಎತ್ತಿ, ಹೆಸರು ಬದಲಿಸಿ ಹಾಕಿದೆ. ಅದನ್ನೆಲ್ಲ ಯಾರು ಓದುತ್ತಾರೆ, ಅಲ್ವಾ?

ವಕೀಲಿಕೆ ಮಾಡುವ ನನ್ನ ಮೈದುನ ಓದಿದ. “ವೈನಿ, ನಾಳೆ ಜಗಳ ಆದ್ರ ಡೆಲಾವೇರ್‌ಗೆ ಹೋಗ್ತೀರೇನ್ರಿ?” ಎಂದ. ವಿವಾದಕ್ಕೆ ಅಮೆರಿಕದ ಡೆಲಾವೇರ್ ರಾಜ್ಯದ ಕಾನೂನೇ ಅನ್ವಯ ಎಂಬ ಸಾಲು ಹಾಗೇ ಉಳಿದಿತ್ತು. ಅಳಿಸಿ ‘ಧಾರವಾಡದ ಕೋರ್ಟ್ ಮಾತ್ರ’ ಎಂದು ಬರೆದೆ. ಅದನ್ನೂ ಜಾಸ್ತಿ ನೆಚ್ಚಿಕೊಳ್ಳಬೇಡಿ ಎಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅವರು ಬೀದರಿನವರಾದರೆ ನಾನು ಬೀದರಿನಲ್ಲೇ ಉತ್ತರ ಕೊಡಬೇಕು.

ಆದರೂ ಇಡೀ ಪುಟವನ್ನು ಹೊಸದಾಗಿ ಬರೆದದ್ದು ಒಂದು ಸೀರೆ ವಾಪಸ್ ಬಂದ ಮೇಲೆಯೇ. ‘ಗಂಟು ಇರುವುದಿಲ್ಲ, ಎರಡೂ ಬದಿ ಒಂದೇ ಥರ ಕಾಣುತ್ತದೆ’ ಎಂದು ಪ್ರತಿ ಸೀರೆಯ ಕೆಳಗೂ ಹಾಕಿದ್ದೆ. ಕೇಳೋದಕ್ಕೆ ಚೆಂದ. ಗವಂತಿ, ಮುರ್ಗಿ ಹೊಲಿಗೆಗೆ ಅದು ನಿಜವೂ ಹೌದು. ಎಳೆಗಳನ್ನು ಅಡ್ಡಡ್ಡ ದಾಟಿಸಿ ಹಾಕುವ ಮೆಂಥಿ ಹೊಲಿಗೆಗೆ ಅಲ್ಲ, ಅದರ ಹಿಂಬದಿ ಬೇರೆಯೇ ಕಾಣುತ್ತದೆ. ಆ ಸೀರೆಯ ಸೆರಗಿನ ಗೋಪುರದ ಚಿತ್ತಾರದ ತುಂಬ ಮೆಂಥಿ ಇತ್ತು. ಕೊಂಡವರು ಸೆರಗು ಮಗುಚಿ ಫೋಟೋ ತೆಗೆದು ಕಳಿಸಿದರು. ನಾನು ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಷರತ್ತು ತೋರಿಸಿದೆ. ಅಂಗಡಿಗಳಲ್ಲಿ ಆ ಬೋರ್ಡ್ ನೋಡಿ ನೋಡಿ, ಅದೇ ಕಾನೂನು ಎಂದುಕೊಂಡಿದ್ದೆ!

2020ರ ಇ-ಕಾಮರ್ಸ್ ನಿಯಮ ಬೇರೆಯದೇ ಹೇಳುತ್ತದೆ. ಮಾಲಿನಲ್ಲಿ ದೋಷ ಇದ್ದರೆ, ಇಲ್ಲವೇ ನಾವು ಬರೆದ ಹಾಗೆ ಅದು ಇರದಿದ್ದರೆ, ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. ಷರತ್ತಿನಲ್ಲಿ ಏನೇ ಬರೆದಿರಲಿ. ದುಡ್ಡು ಮರಳಿಸಿದೆ. ಸೀರೆ ನನ್ನ ಕಪಾಟಿನಲ್ಲಿದೆ, ಹಬ್ಬಕ್ಕೆ ನಾನೇ ಉಡುತ್ತೇನೆ.

ಈಗ ಪ್ರತಿ ಸೀರೆಗೂ ಯಾವ ಹೊಲಿಗೆ ಎಲ್ಲಿದೆ ಎಂದು ಬರೆದು, ಹಿಂಬದಿಯ ಫೋಟೋ ಸಹ ಹಾಕುತ್ತೇನೆ.

ಹೇಳಿದ ದಿನಕ್ಕೆ ತಲುಪದಿದ್ದರೂ ಅದೇ ನಿಯಮ. ನಾನು ಧೈರ್ಯವಾಗಿ ‘15 ದಿನ’ ಎಂದು ಹಾಕಿದ್ದೆ. ಕಸೂತಿ ಹಾಕುವವರನ್ನು ಕೇಳಿಯೇ ಇರಲಿಲ್ಲ. ಕೇಳಿದಾಗ ಹಿರಿಯರೊಬ್ಬರು, “ಎಳಿ ಎಣಿಸಿ ಹಾಕೂದ್ರಿ ಅಕ್ಕಾರ. ಚಂದ್ರಕಾಳಿ ಮ್ಯಾಲಂತೂ ಸಂಜಿ ಆತಂದ್ರ ಎಳೀನ ಕಾಣಂಗಿಲ್ಲ” ಎಂದರು. ಕಪ್ಪು ಸೀರೆ, ಸಣ್ಣ ಎಳೆ, ಹಗಲು ಬೆಳಕೇ ಬೇಕು. ಹಾಗಾಗಿ ಎಲ್ಲಕ್ಕೂ ಒಂದೇ ಗಡುವು ತೆಗೆದುಹಾಕಿದೆ. ಡಿಸೈನ್ ಒಪ್ಪಿದ ದಿನದಿಂದ ಲೆಕ್ಕ, ಗಡುವು ಆ ಸೀರೆಯ ಕೆಲಸ ನೋಡಿ.

ಆರ್ಡರ್ ರದ್ದು ಮಾಡುವ ಷರತ್ತು ಬರೆಯಲು ಜಾಸ್ತಿ ಹೊತ್ತು ಹಿಡಿಯಿತು. ಅಳತೆ ಕೊಟ್ಟು ಮಾಡಿಸಿದ ಬ್ಲೌಸ್ ಅರ್ಧಕ್ಕೆ ಬೇಡ ಅಂದರೆ ನಾನೇನು ಮಾಡಲಿ? ಶುಲ್ಕ ಹಾಕಬಹುದು, ಆದರೆ ನಾವೇ ರದ್ದು ಮಾಡಿದಾಗ ನಾವೂ ಅಂಥದ್ದೇ ಶುಲ್ಕ ಹೊರಬೇಕು. ಮೊದಲು ಸಿಟ್ಟು ಬಂತು. ಆಮೇಲೆ ಎರಡೂ ಕಡೆಗೆ ಒಂದೇ ಮೊತ್ತ ಬರೆದೆ.

ಸೈಟ್ ಮಾಡಿಕೊಟ್ಟ ಹುಡುಗ ‘ಒಪ್ಪಿದ್ದೇನೆ’ ಎಂಬ ಡಬ್ಬಿಗೆ ಮೊದಲೇ ಟಿಕ್ ಹಾಕಿಟ್ಟಿದ್ದ. ಅದೂ ನಡೆಯಲ್ಲ. ತೆಗೆಸಿದೆ.

ಕೊನೆಗೆ ಕುಂದುಕೊರತೆ ಅಧಿಕಾರಿ ಎಂದು ಒಬ್ಬರ ಹೆಸರು, ಫೋನ್ ನಂಬರ್ ಹಾಕಬೇಕು. ದೂರು ಬಂದ 48 ಗಂಟೆಯೊಳಗೆ ‘ತಲುಪಿತು’ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನ್ನದೇ ಹೆಸರು ಹಾಕಿದೆ, ಬೇರೆ ಯಾರಿದ್ದಾರೆ? ಮೊದಲ ಕರೆ ಬಂದಾಗ ಫೋನ್ ಎತ್ತಿದ್ದು ನಮ್ಮ ಅತ್ತೆ. “ಅಧಿಕಾರಿ ರೊಟ್ಟಿ ಬಡಿಯಾಕತ್ತಾಳ್ರಿ, ಸ್ವಲ್ಪ ತಡದು ಮಾಡ್ರಿ” ಎಂದರು.